ಒಂಬತ್ತು ತಿಂಗಳ ಮೇಷ್ಟ್ರು, 37 ವರ್ಷ ತಡವಾದ ಕಾನೂನು: ಲಿಂಡನ್ ಜಾನ್ಸನ್ ಪ್ರಕರಣ

ಮೇಷ್ಟ್ರಾಗಿದ್ದವರು ರಾಜಕಾರಣಕ್ಕೆ ಬಂದರೆ ಬಡವರಿಗೆ ಒಳ್ಳೆಯದಾಗುತ್ತದೆ ಎಂದು ಸುಲಭವಾಗಿ ನಂಬಿಬಿಡುತ್ತೇವೆ. ಹಸಿದು ಬಂದ ಮಗುವನ್ನು ಕಣ್ಣಾರೆ ಕಂಡವರು ಅದನ್ನು ಮರೆಯುವುದಿಲ್ಲ, ಕೈಗೆ ಅಧಿಕಾರ ಬಂದಾಗ ಆ ಮಗುವಿಗಾಗಿ ಏನಾದರೂ ಮಾಡೇ ಮಾಡುತ್ತಾರೆ ಎಂಬ ಲೆಕ್ಕ. ಈ ಲೆಕ್ಕ ಎಷ್ಟು ಸರಿ ಎಂದು ತೂಗಿ ನೋಡಲು ಲಿಂಡನ್ ಜಾನ್ಸನ್ ಅವರ ಬದುಕಿಗಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ. ಅಮೆರಿಕದ 36ನೇ ಅಧ್ಯಕ್ಷರು. ಅದಕ್ಕೂ ಮೊದಲು ಟೆಕ್ಸಾಸ್‌ನ ಒಂದು ಸಣ್ಣ ಊರಿನಲ್ಲಿ ಮೆಕ್ಸಿಕನ್ ಕೂಲಿಗಳ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು. ಆ ಶಾಲೆಯ ನೆನಪನ್ನು ಅವರು ದೇಶದ ಮುಂದೆ ಮತ್ತೆ ಮತ್ತೆ ಹೇಳಿದರು, ಅದರ ಹೆಸರಿನಲ್ಲಿ ದೊಡ್ಡ ದೊಡ್ಡ ಕಾನೂನು ಮಾಡಿದರು. ಆದರೆ ಶಾಲೆಯಿಂದ ಕಾನೂನಿನವರೆಗಿನ ದಾರಿ ನೇರವಾಗಿರಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಆ ದಾರಿಯೇ.

ಶಾಲೆಯಿಂದಲೇ ಶುರು ಮಾಡೋಣ.

ಜಾನ್ಸನ್ ಹುಟ್ಟಿದ್ದು 1908ರಲ್ಲಿ, ಟೆಕ್ಸಾಸ್‌ನ ಬೆಟ್ಟಸೀಮೆಯ ಸ್ಟೋನ್‌ವಾಲ್ ಹತ್ತಿರ. ತಂದೆ ರಾಜ್ಯದ ಶಾಸಕರಾಗಿದ್ದವರು, ಹತ್ತಿಯ ಬೆಲೆ ಬಿದ್ದಾಗ ಜಮೀನಿನಲ್ಲಿ ಕೈಸುಟ್ಟುಕೊಂಡು ಸಾಲಗಾರರಾದರು. ಮರ್ಯಾದೆಯಿಂದ ಬದುಕಿದ ಮನೆ ಊರವರ ಕಣ್ಣೆದುರೇ ಕುಸಿಯಿತು. ಹೈಸ್ಕೂಲು ಮುಗಿಸಿದ ಮೇಲೆ ಹುಡುಗ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದ, ರಸ್ತೆ ಕೆಲಸ ಮಾಡಿದ, ಕೊನೆಗೆ 1927ರಲ್ಲಿ ಸ್ಯಾನ್ ಮಾರ್ಕಸ್‌ನ ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿದ. ಸ್ವಲ್ಪ ಕಾಲದಲ್ಲೇ ದುಡ್ಡು ಖಾಲಿ. ಓದನ್ನು ಅರ್ಧಕ್ಕೆ ನಿಲ್ಲಿಸಿ, ಫೀಸಿಗೆ ಹಣ ಕೂಡಿಸಲು 1928ರ ಸೆಪ್ಟೆಂಬರಿನಲ್ಲಿ ಕಟೂಲಾ ಎಂಬ ಊರಿಗೆ ಮೇಷ್ಟ್ರಾಗಿ ಹೋದರು. ಆಗ ಅವರಿಗೆ 20 ವರ್ಷ. ಸಂಬಳ ತಿಂಗಳಿಗೆ 125 ಡಾಲರ್.

ಕಟೂಲಾ ಇರುವುದು ಮೆಕ್ಸಿಕೋ ಗಡಿಯಿಂದ ಸುಮಾರು 60 ಮೈಲಿ ಈಚೆ. ರೈಲು ಹಳಿಯ ಒಂದು ಬದಿಯಲ್ಲಿ ಬಿಳಿಯರ ಮನೆಗಳು, ಇನ್ನೊಂದು ಬದಿಯಲ್ಲಿ ಹೊಲ ಮತ್ತು ದನದ ಫಾರಂಗಳಲ್ಲಿ ದುಡಿಯುವ ಮೆಕ್ಸಿಕನ್ ಮೂಲದವರ ಗುಡಿಸಲುಗಳು. ಶಾಲೆಗಳೂ ಬೇರೆ ಬೇರೆ. ಮೆಕ್ಸಿಕನ್ ಮಕ್ಕಳನ್ನು ಬೇರೆ ಕೂರಿಸಬೇಕು ಎಂದು ಟೆಕ್ಸಾಸ್‌ನಲ್ಲಿ ಕಾನೂನೇನೂ ಇರಲಿಲ್ಲ, ಸ್ಥಳೀಯ ಶಾಲಾ ಮಂಡಳಿಗಳು ಸುಮ್ನೆ ಹಾಗೆ ನಡೆಸಿಕೊಂಡು ಬಂದಿದ್ದವು. ಜಾನ್ಸನ್ ಅವರಿಗೆ ಸಿಕ್ಕಿದ್ದು ಆ ಮಕ್ಕಳ ವೆಲ್‌ಹೌಸೆನ್ ಶಾಲೆ. ಐದು, ಆರು, ಏಳನೇ ತರಗತಿಗೆ ಪಾಠ, ಜೊತೆಗೆ ಹೆಡ್‌ಮಾಸ್ಟರ್ ಕೆಲಸ. ಡಿಗ್ರಿ ಇಲ್ಲ, ಆದರೂ ಅಲ್ಲಿ ಅವರೇ ದೊಡ್ಡವರು.

ಅಲ್ಲಿ ಅವರು ಮಾಡಿದ ಕೆಲಸ ಸಣ್ಣದಲ್ಲ. ಮೊದಲ ಸಂಬಳದಲ್ಲಿ ಮಕ್ಕಳಿಗೆ ಆಟದ ಸಾಮಾನು ಕೊಂಡರು, ಏಕೆಂದರೆ ಆ ಶಾಲೆಗೆ ಒಂದು ಚೆಂಡೂ ಇರಲಿಲ್ಲ. ಚರ್ಚಾಸ್ಪರ್ಧೆ, ಸ್ಪೆಲಿಂಗ್ ಸ್ಪರ್ಧೆ ಶುರು ಮಾಡಿದರು. ಬೇರೆ ಊರಿನ ಶಾಲೆಗಳ ಜೊತೆ ಪಂದ್ಯ ಏರ್ಪಡಿಸಿದರು. ಮಕ್ಕಳಿಗೆ ಟೂತ್‌ಪೇಸ್ಟ್ ಬೇಕು, ಎಲ್ಲಾದರೂ ಹೊಂದಿಸಿ ಕಳಿಸು ಎಂದು ತಾಯಿಗೆ ಪತ್ರ ಬರೆದರು. ಊಟದ ಬಿಡುವಿನಲ್ಲಿ ಮಕ್ಕಳನ್ನು ನೋಡಿಕೊಳ್ಳಿ ಎಂದು ಉಳಿದ ಟೀಚರ್‌ಗಳಿಗೆ ಹೇಳಿ ಅವರ ಸಿಟ್ಟಿಗೂ ಗುರಿಯಾದರು. ಶಾಲೆಯ ಜವಾನನಿಗೆ ಇಂಗ್ಲಿಷ್ ಕಲಿಯುವ ಆಸೆ ಇತ್ತು, ಅವನಿಗೆ ಪುಸ್ತಕ ಕೊಡಿಸಿ ಶಾಲೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ತಾವೇ ಕಲಿಸಿದರು. ಇಲ್ಲಿ ಮತ ಇಲ್ಲ, ಬಡ್ತಿ ಇಲ್ಲ, ನೋಡುವವರೂ ಇಲ್ಲ. ಜಾನ್ಸನ್ ಅವರ ಬದುಕಿನುದ್ದಕ್ಕೂ ಮಹತ್ವಾಕಾಂಕ್ಷೆಯ ವಾಸನೆ ಇಲ್ಲದ ಕೆಲಸ ಹುಡುಕುವುದು ಕಷ್ಟ. ಆದ್ದರಿಂದಲೇ ಈ ಒಂಬತ್ತು ತಿಂಗಳನ್ನು ನಾನು ನಂಬುತ್ತೇನೆ.

ಆದರೆ ಇದರ ಇನ್ನೊಂದು ಮುಖವನ್ನೂ ಇಲ್ಲೇ ಹೇಳಿಬಿಡಬೇಕು. ಆಟದ ಮೈದಾನದಲ್ಲಿ ಯಾರಾದರೂ ಸ್ಪ್ಯಾನಿಷ್ ಮಾತಾಡಿದರೆ ಈ ಮೇಷ್ಟ್ರು ಹೊಡೆಯುತ್ತಿದ್ದರು. ಹುಡುಗರಿಗೆ ಏಟು, ಹುಡುಗಿಯರಿಗೆ ಬೈಗುಳ. ಇಂಗ್ಲಿಷ್ ಬಾರದಿದ್ದರೆ ಈ ದೇಶದಲ್ಲಿ ನಿಮಗೆ ಬದುಕಿಲ್ಲ ಎಂಬುದು ಅವರ ಖಚಿತ ನಂಬಿಕೆ. ಟೆಕ್ಸಾಸ್‌ನ 1918ರ ಕಾನೂನು ಕೂಡ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವುದನ್ನು ಅಪರಾಧವಾಗಿಸಿತ್ತು, ಹಾಗಾಗಿ ಅವರೊಬ್ಬರದೇ ಕ್ರೌರ್ಯ ಇದು ಎನ್ನಲಾಗದು. ಆದರೂ ಮಗುವಿಗೆ ಒಳ್ಳೆಯದು ಯಾವುದು ಎಂದು ನನಗೆ ಗೊತ್ತು, ಮಗುವನ್ನು ಕೇಳುವ ಅಗತ್ಯವಿಲ್ಲ ಎಂಬ ಧೋರಣೆ ಇದರಲ್ಲಿ ಕಾಣುತ್ತದೆ ಅಲ್ವಾ? ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1929ರಲ್ಲಿ ಕಾಲೇಜಿಗೆ ವಾಪಸ್. 1930ರಲ್ಲಿ ಡಿಗ್ರಿ. ಪಿಯರ್‌ಸಾಲ್‌ನಲ್ಲಿ ಕೆಲವು ದಿನ, ಆಮೇಲೆ ಹ್ಯೂಸ್ಟನ್‌ನ ಸ್ಯಾಮ್ ಹ್ಯೂಸ್ಟನ್ ಹೈಸ್ಕೂಲಿನಲ್ಲಿ ಭಾಷಣಕಲೆಯ ಮೇಷ್ಟ್ರು. ಅವರ ಚರ್ಚಾ ತಂಡ ರಾಜ್ಯಮಟ್ಟದ ಫೈನಲ್ ತಲುಪಿ ಒಂದೇ ಒಂದು ಮತದಿಂದ ಸೋತಿತು. 1931ರ ಕೊನೆಗೆ ರಿಚರ್ಡ್ ಕ್ಲೆಬರ್ಗ್ ಎಂಬ ಹೊಸ ಸಂಸದ ತಮ್ಮ ಕಾರ್ಯದರ್ಶಿಯಾಗಿ ಕರೆದರು. ಶಾಲೆಗೆ ರಜೆ ಹಾಕಿ ವಾಷಿಂಗ್ಟನ್‌ಗೆ ಹೋದರು, ಮತ್ತೆ ಪಾಠಕ್ಕೆ ಬರಲೇ ಇಲ್ಲ.

ಮುಂದಿನ ಏರಿಕೆ ವೇಗದ್ದು. 1935ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಸರ್ಕಾರದ ರಾಷ್ಟ್ರೀಯ ಯುವ ಆಡಳಿತ ಸಂಸ್ಥೆಗೆ ಟೆಕ್ಸಾಸ್ ನಿರ್ದೇಶಕರಾದರು. 26ನೇ ವಯಸ್ಸಿನಲ್ಲಿ ಇಡೀ ದೇಶದಲ್ಲೇ ಅತಿ ಕಿರಿಯ ರಾಜ್ಯ ನಿರ್ದೇಶಕ. ದುಡ್ಡಿಲ್ಲದೆ ಓದು ಬಿಡುವ ಹುಡುಗ ಹುಡುಗಿಯರಿಗೆ ಅರೆಕಾಲಿಕ ಕೆಲಸ ಕೊಟ್ಟು ಶಾಲೆ ಕಾಲೇಜಿನಲ್ಲಿ ಉಳಿಸುವುದು ಸಂಸ್ಥೆಯ ಉದ್ದೇಶ. ಸ್ವತಃ ಹಾಗೆ ಓದು ನಿಲ್ಲಿಸಿದ್ದವರಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಪ್ಪು ಜನರ ಕಾಲೇಜುಗಳಿಗೂ ಸದ್ದಿಲ್ಲದೆ ಹಣ ಕಳಿಸಿದರು. ಆದರೆ ರಾಜ್ಯದ ಸಲಹಾ ಮಂಡಳಿಗೆ ಒಬ್ಬ ಕಪ್ಪು ಸದಸ್ಯನನ್ನು ಹಾಕಿ ಎಂದು ವಾಷಿಂಗ್ಟನ್ ಕೇಳಿದಾಗ ಆಗುವುದಿಲ್ಲ ಎಂದರು. ಹಾಗೆ ಮಾಡಿದರೆ ಟೆಕ್ಸಾಸ್‌ನಲ್ಲಿ ಕೆಲಸ ಮಾಡಲು ಬಿಡುವುದಿಲ್ಲ ಎಂಬುದು ಅವರ ವಾದ. ಕೆಲಸ ಒಳಗಿಂದೊಳಗೆ ಮಾಡು, ಹೊರಗೆ ಬಿಳಿಯ ಮತದಾರನನ್ನು ಕೆಣಕಬೇಡ. ಮುಂದಿನ 20 ವರ್ಷ ಅವರು ಹಿಡಿದ ದಾರಿ ಹೆಚ್ಚುಕಡಿಮೆ ಇದೇ.

1937ರ ಉಪಚುನಾವಣೆಯಲ್ಲಿ ರೂಸ್ವೆಲ್ಟ್ ಬೆಂಬಲಿಗ ಎಂದು ಬಹಿರಂಗವಾಗಿ ಸಾರಿಕೊಂಡು ಸಂಸತ್ತಿಗೆ ಗೆದ್ದರು. ತಮ್ಮ ಬೆಟ್ಟಸೀಮೆಗೆ ಸಹಕಾರ ಸಂಘದ ಮೂಲಕ ಕರೆಂಟು ತಂದರು. ಅಲ್ಲಿನ ಹೆಂಗಸರು ಬಾವಿಯಿಂದ ನೀರು ಸೇದಿ ಬೆನ್ನು ಬಗ್ಗಿಸಿಕೊಂಡಿದ್ದ ಕಾಲ ಅದು. ನನ್ನ ಮಟ್ಟಿಗೆ ಅವರ ಅತ್ಯಂತ ನಿಷ್ಕಳಂಕ ಸಾಧನೆ ಇದು. 1941ರಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ನಿಂತು 1,311 ಮತಗಳಿಂದ ಸೋತರು.

1948ರ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕು. ಡೆಮಾಕ್ರಟಿಕ್ ಪಕ್ಷದ ಸೆನೆಟ್ ಅಭ್ಯರ್ಥಿ ಯಾರು ಎಂಬ ಒಳಚುನಾವಣೆ. ಎದುರಾಳಿ ಮಾಜಿ ಗವರ್ನರ್ ಕೋಕ್ ಸ್ಟೀವನ್ಸನ್. ಸುಮಾರು 10 ಲಕ್ಷ ಮತ ಚಲಾವಣೆಯಾಗಿ ಜಾನ್ಸನ್ ಗೆದ್ದದ್ದು 87 ಮತಗಳಿಂದ. ಜಿಮ್ ವೆಲ್ಸ್ ಕೌಂಟಿಯ ಆಲಿಸ್ ಎಂಬ ಊರಿನ 13ನೇ ಪೆಟ್ಟಿಗೆಗೆ, ಮತದಾನ ಮುಗಿದು ದಿನಗಳಾದ ಮೇಲೆ, 200ಕ್ಕೂ ಹೆಚ್ಚು ಮತ ಬಂದು ಸೇರಿದವು. ಅದರಲ್ಲಿ ಹೆಚ್ಚೂಕಡಿಮೆ ಎಲ್ಲವೂ ಜಾನ್ಸನ್ ಅವರಿಗೆ. ಆ ಭಾಗ ಜಾರ್ಜ್ ಪಾರ್ ಎಂಬ ಪಾಳೇಗಾರನಂಥ ನಾಯಕನ ಹಿಡಿತದಲ್ಲಿತ್ತು. ಅಲ್ಲಿ ಮತದಾರರು ಎಂದರೆ ಬಹುತೇಕ ಮೆಕ್ಸಿಕನ್ ಮೂಲದ ಬಡವರು. ಯಾರಿಗೆ ಮತ ಹಾಕಬೇಕು ಎಂದು ತೀರ್ಮಾನಿಸುವವನು ಯಜಮಾನ.

ಎಂದರೆ, ಕಟೂಲಾದ ಮಕ್ಕಳ ಅಪ್ಪ ಅಮ್ಮಂದಿರಂಥ ಜನರ ಮತವನ್ನು ಯಜಮಾನರ ಕೈಯಿಂದ ಸಗಟಾಗಿ ತೆಗೆದುಕೊಂಡೇ ಅವರ ಮೇಷ್ಟ್ರು ಸೆನೆಟರ್ ಆದದ್ದು. ಈ ಮಾತು ಕಹಿ, ಆದರೆ ಬಿಟ್ಟುಬಿಟ್ಟರೆ ಪ್ರಕರಣವೇ ಸುಳ್ಳಾಗುತ್ತದೆ. ನಿಜವಾದ ಮತದಾನದ ಹಕ್ಕು ಇಲ್ಲದ ಕಡೆ ಏನು ನಡೆಯುತ್ತದೆ ಎಂದು 1965ರ ಮತದಾನ ಹಕ್ಕು ಕಾಯಿದೆ ಮಾಡಿದ ಅಧ್ಯಕ್ಷರಿಗೆ ಒಳಗಿನಿಂದಲೇ ಗೊತ್ತಿತ್ತು.

ಸೆನೆಟರ್ ಆದ ಹೊಸದರಲ್ಲಿ, 1949ರಲ್ಲಿ, ಮೂರು ವಾರಗಳ ಅಂತರದಲ್ಲಿ ನಡೆದ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಫೆಲಿಕ್ಸ್ ಲಾಂಗೋರಿಯಾ ಎಂಬ ಸೈನಿಕ ಎರಡನೇ ಮಹಾಯುದ್ಧದಲ್ಲಿ ಫಿಲಿಪೀನ್ಸ್‌ನಲ್ಲಿ ಸತ್ತಿದ್ದರು. ಅವರ ಶವ ಟೆಕ್ಸಾಸ್‌ನ ತ್ರೀ ರಿವರ್ಸ್ ಊರಿಗೆ ಬರುವುದಿತ್ತು. ಮೆಕ್ಸಿಕನ್ ಮೂಲದವರು, ಬಿಳಿಯರು ಒಪ್ಪುವುದಿಲ್ಲ ಎಂದು ಅಲ್ಲಿನ ಶವಸಂಸ್ಕಾರದವರು ತಮ್ಮ ಪ್ರಾರ್ಥನಾ ಕೋಣೆ ಕೊಡಲಿಲ್ಲ. ಮಾಜಿ ಸೈನಿಕರ ಸಂಘಟನೆ ಕಟ್ಟಿದ್ದ ಡಾಕ್ಟರ್ ಹೆಕ್ಟರ್ ಗಾರ್ಸಿಯಾ ಜಾನ್ಸನ್ ಅವರಿಗೆ ತಂತಿ ಕಳಿಸಿದರು. ಕೂಡಲೇ ಉತ್ತರ ಬಂತು: ದೇಶದ ಅತ್ಯುನ್ನತ ಸೈನಿಕ ಸ್ಮಶಾನವಾದ ಆರ್ಲಿಂಗ್ಟನ್‌ನಲ್ಲಿ ಗೌರವದೊಂದಿಗೆ ಸಂಸ್ಕಾರ ಮಾಡಿಸುತ್ತೇನೆ ಎಂದು. ಫೆಬ್ರುವರಿ 16ರಂದು ಹಾಗೆಯೇ ನಡೆಯಿತು. ಮಾರ್ಚ್ 9ರಂದು ಅದೇ ಜಾನ್ಸನ್ ಸೆನೆಟ್‌ನಲ್ಲಿ ತಮ್ಮ ಮೊದಲ ದೊಡ್ಡ ಭಾಷಣ ಮಾಡಿದರು. ವಿಷಯ: ಮಾತಾಡುತ್ತಲೇ ಇದ್ದು ಮಸೂದೆಗಳನ್ನು ಕೊಲ್ಲುವ ಸೆನೆಟರ್‌ಗಳ ಹಕ್ಕಿನ ಸಮರ್ಥನೆ. ಆ ಹಕ್ಕನ್ನು ದಕ್ಷಿಣ ರಾಜ್ಯಗಳ ಸೆನೆಟರ್‌ಗಳು ಬಳಸುತ್ತಿದ್ದದ್ದು ಕಪ್ಪು ಜನರ ಪರವಾದ ಕಾನೂನುಗಳನ್ನು ತಡೆಯಲು. ಭಾಷಣದಲ್ಲಿ ಅವರು ತಮ್ಮನ್ನು ದಕ್ಷಿಣದವರಲ್ಲಿ ಒಬ್ಬ ಎಂದೇ ಕರೆದುಕೊಂಡರು.

ಒಬ್ಬ ಮನುಷ್ಯನ ಕಣ್ಣೀರು ಕಂಡರೆ ಕರಗುವ ಮನಸ್ಸು. ಇಡೀ ಸಮುದಾಯದ ಹಕ್ಕಿನ ಮಾತು ಬಂದಾಗ ಮತಗಳ ಲೆಕ್ಕ. 1937ರಿಂದ 1956ರವರೆಗೆ ನಾಗರಿಕ ಹಕ್ಕಿನ ಮಸೂದೆ ಬಂದಾಗಲೆಲ್ಲ ಅವರು ವಿರೋಧವಾಗಿಯೇ ನಿಂತರು. 1948ರ ಪ್ರಚಾರದಲ್ಲಿ ಅಧ್ಯಕ್ಷ ಟ್ರೂಮನ್ ಅವರ ನಾಗರಿಕ ಹಕ್ಕು ಯೋಜನೆಯನ್ನು ಬರೀ ನಾಟಕ ಎಂದು ಜರೆದಿದ್ದರು. ಕಟೂಲಾದ ನೆನಪು ಈ 20 ವರ್ಷ ಎಲ್ಲಿತ್ತು? ಇತ್ತು, ಸುಳ್ಳಲ್ಲ, ಲಾಂಗೋರಿಯಾ ವಿಷಯದಲ್ಲಿ ಅದು ಮೇಲೆ ಬಂತು. ಆದರೆ ನೆನಪಿಗೆ ತಾನಾಗಿಯೇ ಮತ ಹಾಕುವ ಶಕ್ತಿ ಇಲ್ಲ. ಒಳ್ಳೆಯ ಮೇಷ್ಟ್ರಾಗಿದ್ದರು ಎಂಬ ಕಾರಣಕ್ಕೇ ಒಬ್ಬರನ್ನು ನಂಬುವವರು ಈ 20 ವರ್ಷಗಳನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು.

ಗಾಳಿ ತಿರುಗಿದ್ದು 1957ರಲ್ಲಿ. ಆಗ ಅವರು ಸೆನೆಟ್‌ನ ಬಹುಮತದ ನಾಯಕ, ಕಣ್ಣು ಅಧ್ಯಕ್ಷ ಪದವಿಯ ಮೇಲೆ. ಬರೀ ದಕ್ಷಿಣದ ನಾಯಕರಾಗಿ ಉಳಿದರೆ ಅಲ್ಲಿಗೆ ಹೋಗಲಾಗದು. 1875ರ ನಂತರದ ಮೊದಲ ನಾಗರಿಕ ಹಕ್ಕು ಕಾನೂನನ್ನು ಪಾಸು ಮಾಡಿಸಿದರು, ಅದರ ಹಲ್ಲುಗಳನ್ನು ತಾವೇ ಕಿತ್ತು. ಬಾಗಿಲು ತೆರೆಯಿತು, ಅಷ್ಟೇ.

1960ರಲ್ಲಿ ಕೆನಡಿ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಗೆದ್ದರು. 1963ರ ನವೆಂಬರ್ 22ರಂದು ಕೆನಡಿ ಹತ್ಯೆಯಾಯಿತು, ಜಾನ್ಸನ್ ಅಧ್ಯಕ್ಷರಾದರು. ನಾಗರಿಕ ಹಕ್ಕಿನ ಮಸೂದೆಗೆ ಕೈಹಾಕಿ ಇರುವ ಶಕ್ತಿಯನ್ನೆಲ್ಲ ಕಳೆದುಕೊಳ್ಳಬೇಡಿ ಎಂದು ಸಲಹೆಗಾರರು ಹೇಳಿದಾಗ, ಹಾಗಾದರೆ ಈ ಪದವಿ ಇರುವುದಾದರೂ ಯಾತಕ್ಕೆ ಎಂದು ಅವರು ಕೇಳಿದರಂತೆ. 1964ರ ಜುಲೈ 2ರಂದು ನಾಗರಿಕ ಹಕ್ಕು ಕಾಯಿದೆಗೆ ಸಹಿ. ಆ ವರ್ಷದ ಚುನಾವಣೆಯಲ್ಲಿ ಶೇ. 61ರಷ್ಟು ಮತ. ಇನ್ನು ಟೆಕ್ಸಾಸ್‌ನ ಬಿಳಿಯ ಮತದಾರನಿಗೆ ಹೆದರಬೇಕಾಗಿರಲಿಲ್ಲ. ಆಗಲೇ ನೋಡಿ ಕಟೂಲಾ ಹೊರಗೆ ಬಂದದ್ದು.

1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕು ಕೇಳಿ ನಡೆದುಹೋಗುತ್ತಿದ್ದ ಕಪ್ಪು ಜನರನ್ನು ಸೇತುವೆಯ ಮೇಲೆ ಪೊಲೀಸರು ಬಡಿದು ಹಾಕಿದರು. ಇಡೀ ದೇಶ ಟಿವಿಯಲ್ಲಿ ನೋಡಿತು. ಮಾರ್ಚ್ 15ರ ರಾತ್ರಿ ಜಾನ್ಸನ್ ಸಂಸತ್ತಿನ ಎರಡೂ ಸದನಗಳ ಮುಂದೆ ಮಾತಾಡಿದರು. ಭಾಷಣ ಬರೆದವರು ರಿಚರ್ಡ್ ಗುಡ್ವಿನ್. ನಾಗರಿಕ ಹಕ್ಕು ಚಳವಳಿಯ ಘೋಷಣೆಯನ್ನೇ, ನಾವು ಗೆದ್ದೇ ಗೆಲ್ಲುತ್ತೇವೆ ಎಂಬುದನ್ನು, ದಕ್ಷಿಣದ ಒಬ್ಬ ಅಧ್ಯಕ್ಷ ಬಾಯಲ್ಲಿ ಹೇಳಿದ್ದು ಅಂದೇ. ಕೊನೆಯ ಭಾಗದಲ್ಲಿ ಅವರು ಕಟೂಲಾಕ್ಕೆ ಬಂದರು. ನನ್ನ ವಿದ್ಯಾರ್ಥಿಗಳು ಬಡವರು, ಎಷ್ಟೋ ದಿನ ತಿಂಡಿ ಇಲ್ಲದೆ ಹಸಿದು ಬರುತ್ತಿದ್ದರು ಎಂದರು. ಜನ ತಮ್ಮನ್ನು ಯಾಕೆ ಇಷ್ಟಪಡುವುದಿಲ್ಲ ಎಂದು ಆ ಮಕ್ಕಳಿಗೆ ತಿಳಿಯುತ್ತಿರಲಿಲ್ಲ, ಆದರೆ ಅದು ನಿಜ ಎಂದು ಗೊತ್ತಿತ್ತು, ಅವರ ಕಣ್ಣಲ್ಲಿ ಅದನ್ನು ಕಂಡಿದ್ದೇನೆ ಎಂದರು. 1928ರಲ್ಲಿ ನಾನು ಇಲ್ಲಿ ನಿಲ್ಲುತ್ತೇನೆಂದು ಕನಸೂ ಕಂಡಿರಲಿಲ್ಲ, ಈಗ ಆ ಮಕ್ಕಳ ಮಕ್ಕಳಿಗೆ ನೆರವಾಗುವ ಅವಕಾಶ ಸಿಕ್ಕಿದೆ, ಅದನ್ನು ಬಳಸಿಕೊಳ್ಳದೆ ಬಿಡುವುದಿಲ್ಲ ಎಂದರು.

ಭಾಷಣದಲ್ಲಿ ಒಂದು ಸಣ್ಣ ತಿದ್ದುಪಡಿ ನಡೆದಿದೆ. ಕಾಲೇಜು ಮುಗಿಸಿದ ಮೇಲಿನ ನನ್ನ ಮೊದಲ ಕೆಲಸ ಎಂದು ಅವರು ಹೇಳಿದರು. ನಿಜವಾಗಿ ಕಾಲೇಜು ಮುಗಿದಿರಲಿಲ್ಲ, ಫೀಸಿಗೆ ದುಡ್ಡಿಲ್ಲದೆ ಮಧ್ಯದಲ್ಲಿ ಹೋದದ್ದು. ಯಾಕೆ ಹಾಗೆ ಹೇಳಿದರೋ. ನಿಜದ ಕಥೆ ಇನ್ನೂ ಚೆನ್ನಾಗಿತ್ತು: ಬಡ ಮಕ್ಕಳಿಗೆ ಪಾಠ ಹೇಳಿದವನು ಸ್ವತಃ ಬಡತನದಿಂದ ಓದು ನಿಲ್ಲಿಸಿದವನಾಗಿದ್ದ.

ಆಗಸ್ಟ್ 6ರಂದು ಮತದಾನ ಹಕ್ಕು ಕಾಯಿದೆ ಬಂತು. ಮಿಸಿಸಿಪಿಯಲ್ಲಿ ಮತದಾರರ ಪಟ್ಟಿಯಲ್ಲಿದ್ದ ಕಪ್ಪು ಜನರ ಪ್ರಮಾಣ ಶೇ. 7ಕ್ಕೂ ಕಡಿಮೆ ಇದ್ದದ್ದು 1967ಕ್ಕೆ ಶೇ. 60ರ ಹತ್ತಿರ ಹೋಯಿತು. ಕಾಗದದ ಮೇಲಿನ ಕಾನೂನು ಎರಡು ವರ್ಷದಲ್ಲಿ ಇಷ್ಟು ಬದಲಾವಣೆ ತಂದ ಉದಾಹರಣೆ ತೀರಾ ಅಪರೂಪ. ಆದರೆ ಭಾಷಣದಲ್ಲಿ ಯಾರ ಹೆಸರು ಹೇಳಿದರೋ ಅವರ ಊರಿಗೆ ಕಾನೂನಿನ ಬಿಗಿಯಾದ ಭಾಗ ಅನ್ವಯಿಸಲಿಲ್ಲ. ಅಕ್ಷರ ಪರೀಕ್ಷೆಯಂಥ ತಡೆ ಇದ್ದ ರಾಜ್ಯಗಳಿಗೆ ಮಾತ್ರ ಆ ಭಾಗ. ಟೆಕ್ಸಾಸ್‌ನಲ್ಲಿ ಇದ್ದದ್ದು ಮತ ಹಾಕಲು ಕಟ್ಟಬೇಕಾದ ತೆರಿಗೆ, ಅದು 1966ರಲ್ಲಿ ಕೋರ್ಟಿನಲ್ಲಿ ಬಿದ್ದಿತು. ಸ್ಪ್ಯಾನಿಷ್ ಮಾತಾಡುವವರಂಥ ಭಾಷಾ ಅಲ್ಪಸಂಖ್ಯಾತರಿಗೂ ರಕ್ಷಣೆ ವಿಸ್ತರಿಸಿ ಟೆಕ್ಸಾಸ್ ಅನ್ನು ಒಳಗೆ ತಂದದ್ದು 1975ರ ತಿದ್ದುಪಡಿ. ಅಷ್ಟು ಹೊತ್ತಿಗೆ ಮೇಷ್ಟ್ರು ಇರಲಿಲ್ಲ.

ಮೇಷ್ಟ್ರ ಕೈ ನನಗೆ ಎದ್ದು ಕಾಣುವುದು ಇನ್ನೊಂದು ಕಾನೂನಿನಲ್ಲಿ, 1965ರ ಪ್ರಾಥಮಿಕ ಮತ್ತು ಮಾಧ್ಯಮಿಕ ಶಿಕ್ಷಣ ಕಾಯಿದೆಯಲ್ಲಿ. ಆಗ ಅಮೆರಿಕದಲ್ಲಿ ಶಾಲೆ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಸ್ಥಳೀಯ ಆಸ್ತಿ ತೆರಿಗೆಯಿಂದ. ಶ್ರೀಮಂತ ಬಡಾವಣೆಯಲ್ಲಿ ಶ್ರೀಮಂತ ಶಾಲೆ, ಬಡವರ ಕಡೆ ಬಡ ಶಾಲೆ. ಕೇಂದ್ರ ಸರ್ಕಾರ ಶಾಲೆಗಳಿಗೆ ಹಣ ಕೊಡಬೇಕು ಎಂಬ ಮಸೂದೆಗಳು ದಶಕಗಳಿಂದ ಸೋಲುತ್ತಲೇ ಬಂದಿದ್ದವು. ಕೆನಡಿ ತಂದ ಮಸೂದೆ ಕೂಡ 1961ರಲ್ಲಿ ಸಮಿತಿಯಲ್ಲೇ ಸತ್ತಿತು. ಚರ್ಚಿನ ಶಾಲೆಗಳಿಗೆ ಕೊಡಬೇಕೋ ಬೇಡವೋ ಎಂಬ ಜಗಳ ಒಂದು. ಕಪ್ಪು ಮಕ್ಕಳನ್ನು ಬೇರೆ ಕೂರಿಸುವ ಶಾಲೆಗೂ ಕೊಡಬೇಕೇ ಎಂಬ ಜಗಳ ಇನ್ನೊಂದು. ವಾಷಿಂಗ್ಟನ್ ನಮ್ಮ ಶಾಲೆಯ ಮೇಲೆ ಸವಾರಿ ಮಾಡುತ್ತದೆ ಎಂಬ ಭಯ ಬೇರೆ.

ಜಾನ್ಸನ್ ಕಡೆಯವರು ಹುಡುಕಿದ ಉಪಾಯ ಸರಳ. ಹಣವನ್ನು ಶಾಲೆಯ ಲೆಕ್ಕದಲ್ಲಿ ಕೊಡುವುದೇ ಬೇಡ, ಬಡ ಮಗುವಿನ ಲೆಕ್ಕದಲ್ಲಿ ಕೊಡೋಣ. ವರ್ಷಕ್ಕೆ 2,000 ಡಾಲರ್‌ಗಿಂತ ಕಡಿಮೆ ಆದಾಯದ ಮನೆಗಳ ಮಕ್ಕಳು ಎಲ್ಲಿ ಎಷ್ಟಿದ್ದಾರೆ ಎಂದು ಎಣಿಸು, ಅಷ್ಟಕ್ಕೆ ಹಣ ಕಳಿಸು. ಮಗು ಚರ್ಚಿನ ಶಾಲೆಗೆ ಹೋಗುತ್ತಿದ್ದರೂ ಕೆಲವು ಸೌಲಭ್ಯ ಮಗುವಿಗೆ ಸಿಗಲಿ. ಕಪ್ಪು ಮಕ್ಕಳ ಪ್ರಶ್ನೆಯನ್ನು 1964ರ ಕಾಯಿದೆ ಆಗಲೇ ತೀರ್ಮಾನಿಸಿತ್ತು: ಭೇದ ಮಾಡುವವರಿಗೆ ಕೇಂದ್ರದ ಹಣವಿಲ್ಲ. ಜನವರಿ 12ರಂದು ಮಂಡಿಸಿದ ಮಸೂದೆ ಮಾರ್ಚ್ 26ರಂದು ಕೆಳಮನೆಯಲ್ಲಿ 263-153, ಏಪ್ರಿಲ್ 9ರಂದು ಸೆನೆಟ್‌ನಲ್ಲಿ 73-18 ಮತಗಳಿಂದ ಪಾಸಾಯಿತು. ಸೆನೆಟ್ ಒಂದಕ್ಷರ ಬದಲಿಸಲಿಲ್ಲ, ಬದಲಿಸಿದರೆ ಮಸೂದೆ ಮತ್ತೆ ಜಂಟಿ ಸಮಿತಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು. ಮಕ್ಕಳಿಂದ ಪಾಠ ಒಪ್ಪಿಸಿಕೊಳ್ಳುವ ಮೇಷ್ಟ್ರ ಹಾಗೆ ಸಂಸದರ ಬೆನ್ನು ಬಿದ್ದು ಜಾನ್ಸನ್ ಈ ಕೆಲಸ ಮಾಡಿಸಿದರು.

ಏಪ್ರಿಲ್ 11ರಂದು ಸಹಿ ಹಾಕಲು ಅವರು ಹೋದದ್ದು ಸ್ಟೋನ್‌ವಾಲ್‌ಗೆ, ಚಿಕ್ಕಂದಿನಲ್ಲಿ ತಾವು ಓದಿದ ಒಂದು ಕೋಣೆಯ ಹಳೇ ಶಾಲೆಯ ಮುಂದಕ್ಕೆ. ಪಕ್ಕದಲ್ಲಿ ಅವರ ಮೊದಲ ಟೀಚರ್ ಕುಳಿತಿದ್ದರು. ಬಡತನದಿಂದ ಹೊರಬರಲು ಶಿಕ್ಷಣವೊಂದೇ ನಿಜವಾದ ಪಾಸ್‌ಪೋರ್ಟ್ ಎಂದರು. ಮಾಜಿ ಮೇಷ್ಟ್ರಾಗಿ, ಮುಂದೊಂದು ದಿನ ಮತ್ತೆ ಮೇಷ್ಟ್ರಾಗುವ ಆಸೆಯಿಂದ ಈ ಮಾತು ಹೇಳುತ್ತಿದ್ದೇನೆ ಎಂದೂ ಸೇರಿಸಿದರು.

ಈ ಕಾನೂನಿನ ದೊಡ್ಡ ಫಲ ಯಾರೂ ಅಷ್ಟಾಗಿ ಗಮನಿಸದ ಕಡೆ ಬಂತು. ವರ್ಷಕ್ಕೆ 100 ಕೋಟಿ ಡಾಲರ್‌ನಷ್ಟು ಹೊಸ ಹಣ. ಅದು ಬೇಕಾದರೆ ದಕ್ಷಿಣದ ಶಾಲಾ ಮಂಡಳಿಗಳು ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಿಕೊಳ್ಳಬೇಕು. ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸಬಾರದು ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿದ್ದನ್ನು ಹತ್ತು ವರ್ಷ ಕೇಳದವರು ಈಗ ಕೇಳತೊಡಗಿದರು. ದಕ್ಷಿಣದಲ್ಲಿ ಬಿಳಿಯರೇ ಹೆಚ್ಚಿದ್ದ ಶಾಲೆಗಳಿಗೆ ಹೋಗುತ್ತಿದ್ದ ಕಪ್ಪು ಮಕ್ಕಳು 1964ರಲ್ಲಿ ಶೇ. 2ರ ಆಸುಪಾಸು, 1968ಕ್ಕೆ ಶೇ. 23. ಹಣದಲ್ಲಿ ದುರ್ಬಳಕೆಯೂ ಆಯಿತು. ಬಡ ಮಕ್ಕಳಿಗೆಂದು ಬಂದ ದುಡ್ಡನ್ನು ಎಷ್ಟೋ ಮಂಡಳಿಗಳು ಸಾಮಾನ್ಯ ಖರ್ಚಿಗೆ ಹಾಕಿಕೊಂಡಿದ್ದವು ಎಂದು 1969ರಲ್ಲಿ ನಾಗರಿಕ ಹಕ್ಕು ಸಂಘಟನೆಗಳ ಪರಿಶೀಲನೆ ತೋರಿಸಿತು. ಮೆಕ್ಸಿಕನ್ ಮೂಲದ ಮಕ್ಕಳ ಪಾಡಂತೂ ಇನ್ನೂ ವಿಚಿತ್ರ. ಕಾಗದದಲ್ಲಿ ಅವರು ಬಿಳಿಯರು. ಟೆಕ್ಸಾಸ್‌ನ ಕೆಲವು ಮಂಡಳಿಗಳು ಅವರನ್ನೂ ಕಪ್ಪು ಮಕ್ಕಳನ್ನೂ ಒಂದೇ ಶಾಲೆಗೆ ಹಾಕಿ, ಬಿಳಿಯರ ಶಾಲೆಯನ್ನು ಹಾಗೇ ಉಳಿಸಿಕೊಂಡು, ನಾವು ಬೆರೆಸಿದ್ದೇವೆ ಎಂದು ತೋರಿಸಿದವು. ಅವರದು ತಾರತಮ್ಯಕ್ಕೊಳಗಾದ ಬೇರೆಯೇ ಗುಂಪು ಎಂದು ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿ ನಗರದ ಪ್ರಕರಣದಲ್ಲಿ ಕೋರ್ಟ್ ಒಪ್ಪಿದ್ದು 1970ರಲ್ಲಿ.

ಜಾನ್ಸನ್ 1966ರ ನವೆಂಬರ್ 7ರಂದು ಕಟೂಲಾಕ್ಕೆ ಮರಳಿ ಬಂದು ವೆಲ್‌ಹೌಸೆನ್ ಶಾಲೆಯಲ್ಲಿ ಮಾತಾಡಿದರು. ಬಡತನದ ಬಗ್ಗೆ, ಬಡತನಕ್ಕೂ ದ್ವೇಷಕ್ಕೂ ದೇಶ ತೆರುವ ಬೆಲೆಯ ಬಗ್ಗೆ ನಾನು ಮೊದಲ ಪಾಠ ಕಲಿತದ್ದು ಇಲ್ಲೇ, 38 ವರ್ಷದ ಮೇಲೂ ಆ ಬೆಲೆ ತೆರುತ್ತಲೇ ಇದ್ದೇವೆ ಎಂದರು. 1968ರ ಜನವರಿ 2ರಂದು ದ್ವಿಭಾಷಾ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಗುವಿಗೆ ಅದೇ ಭಾಷೆಯ ನೆರವಿನಿಂದ ಪಾಠ ಹೇಳಲು ಕೇಂದ್ರದ ಹಣ ಕೊಡುವ ಮೊದಲ ಕಾನೂನು ಅದು. ಅದರ ಹಿಂದಿದ್ದ ದುಡಿಮೆ ಟೆಕ್ಸಾಸ್‌ನ ಇನ್ನೊಬ್ಬ ಸೆನೆಟರ್ ರಾಲ್ಫ್ ಯಾರ್ಬರೋ ಅವರದು, ಶ್ರೇಯ ಅವರಿಗೇ ಸಲ್ಲಬೇಕು. ಮೊದಲ ವರ್ಷ ಒಂದು ಡಾಲರೂ ಬಿಡುಗಡೆಯಾಗಲಿಲ್ಲ, ಮರುವರ್ಷ ಬಂದದ್ದು 75 ಲಕ್ಷ ಡಾಲರ್. ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಹೊಡೆದ ಕೈಯೇ ಇದಕ್ಕೂ ಸಹಿ ಹಾಕಿತು. 40 ವರ್ಷದಲ್ಲಿ ಒಬ್ಬ ಮನುಷ್ಯ ಇಷ್ಟು ದೂರ ಬರಬಹುದು ಎಂಬುದು ನನಗೆ ನಿಜಕ್ಕೂ ಸಮಾಧಾನ ಕೊಡುವ ಸಂಗತಿ.

ಆದರೆ ಆ ಹಳೆಯ ಖಚಿತತೆ ಬೇರೆ ಕಡೆ ಉಳಿದುಕೊಂಡಿತ್ತು. 1965ರ ಏಪ್ರಿಲ್ 7ರಂದು, ಶಿಕ್ಷಣ ಕಾಯಿದೆಗೆ ಸಹಿ ಹಾಕುವ ನಾಲ್ಕು ದಿನ ಮೊದಲು, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅವರು ವಿಯೆಟ್ನಾಂ ಬಗ್ಗೆ ಮಾತಾಡಿದರು. ಯುದ್ಧ ನಿಲ್ಲಲಿ, ಮೆಕಾಂಗ್ ನದಿಗೆ ಅಣೆಕಟ್ಟು ಕಟ್ಟೋಣ, ಕರೆಂಟು ಕೊಡೋಣ, 100 ಕೋಟಿ ಡಾಲರ್ ಹಾಕೋಣ ಎಂದರು. ಬೆಟ್ಟಸೀಮೆಗೆ ಕರೆಂಟು ತಂದವರ ಮಾತು ಅದು, ಮನಸಾರೆ ಹೇಳಿದ್ದು ಎಂದೇ ನನ್ನ ನಂಬಿಕೆ. ಆದರೆ ಎದುರಿಗಿದ್ದದ್ದು ಒಂದು ದೇಶ, ಒಂದು ತರಗತಿಯಲ್ಲ. ಅವರಿಗೆ ಬೇಕಾದದ್ದು ಏನು ಎಂದು ಅವರನ್ನು ಕೇಳದೆ ತಾವೇ ತೀರ್ಮಾನಿಸಿದ್ದರು, ಒಪ್ಪದಿದ್ದಾಗ ಹೊಡೆತ ಹೆಚ್ಚಿಸಿದರು. 1968ರ ಹೊತ್ತಿಗೆ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು. ಆ ವರ್ಷ ಯುದ್ಧದ ಖರ್ಚಿಗೆ ತೆರಿಗೆ ಏರಿಸಲು ಹೋದಾಗ ಸಂಸತ್ತು 600 ಕೋಟಿ ಡಾಲರ್ ಬೇರೆ ಖರ್ಚು ಕಡಿತ ಮಾಡಿ ಎಂದು ಹಟ ಹಿಡಿಯಿತು, ಅವರು ಒಪ್ಪಬೇಕಾಯಿತು. ಮಾರ್ಚ್ 31ರಂದೇ ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಘೋಷಿಸಿಯಾಗಿತ್ತು. 1969ರ ಜನವರಿಯಲ್ಲಿ ಊರಿಗೆ ಮರಳಿದರು. 1973ರ ಜನವರಿ 22ರಂದು ತೀರಿಕೊಂಡರು.

ಅವರು ಮಾಡಿದ್ದು ಎಷ್ಟು, ಮಾಡಲಾಗದೆ ಉಳಿದದ್ದು ಎಷ್ಟು ಎಂದು ಲೆಕ್ಕ ಹಾಕಲು ಅದೇ ವರ್ಷದ ಒಂದು ತೀರ್ಪಿನಲ್ಲಿ ಅಂಕಿಗಳಿವೆ. ಕಟೂಲಾದಿಂದ ಸುಮಾರು 90 ಮೈಲಿ ದೂರದ ಸ್ಯಾನ್ ಆಂಟೋನಿಯೋ ನಗರ. ಅಲ್ಲಿನ ಎಜ್‌ವುಡ್ ಶಾಲಾ ಮಂಡಳಿಯ ಮಕ್ಕಳು ಹೆಚ್ಚಾಗಿ ಮೆಕ್ಸಿಕನ್ ಮೂಲದ ಬಡವರು. 1968ರಲ್ಲಿ ಅವರು ಶಾಲೆ ಬಿಟ್ಟು ಬೀದಿಗಿಳಿದರು, ಪೋಷಕರು ಕೋರ್ಟಿಗೆ ಹೋದರು. 1967-68ರಲ್ಲಿ ಎಜ್‌ವುಡ್ ತನ್ನ ಆಸ್ತಿ ತೆರಿಗೆಯಿಂದ ಪ್ರತಿ ಮಗುವಿಗೆ ಕೂಡಿಸಲಾದದ್ದು 26 ಡಾಲರ್. ಅದೇ ನಗರದ ಶ್ರೀಮಂತ ಆಲಮೋ ಹೈಟ್ಸ್ ಕೂಡಿಸಿದ್ದು 333 ಡಾಲರ್, ಅದೂ ಎಜ್‌ವುಡ್‌ಗಿಂತ ಕಡಿಮೆ ತೆರಿಗೆ ದರದಲ್ಲಿ. ರಾಜ್ಯ ಕೊಟ್ಟದ್ದು ಎಜ್‌ವುಡ್‌ಗೆ 222, ಆಲಮೋ ಹೈಟ್ಸ್‌ಗೆ 225. ಕೇಂದ್ರದಿಂದ ಎಜ್‌ವುಡ್‌ಗೆ ಬಂದದ್ದು 108, ಆಲಮೋ ಹೈಟ್ಸ್‌ಗೆ 36. ಈ ಮೂರರಲ್ಲಿ ಬಡವರ ಕಡೆ ವಾಲಿರುವುದು ಕೇಂದ್ರದ ಹಣ ಒಂದೇ, ಅದಕ್ಕೆ ಮುಖ್ಯ ಕಾರಣ 1965ರ ಕಾಯಿದೆ. ಹಾಗಿದ್ದೂ ಒಟ್ಟು ಮೊತ್ತ ಎಜ್‌ವುಡ್ ಮಗುವಿಗೆ 356 ಡಾಲರ್, ಆಲಮೋ ಹೈಟ್ಸ್ ಮಗುವಿಗೆ 594.

ಈ ಅಂತರ ಸಂವಿಧಾನಕ್ಕೆ ವಿರುದ್ಧವೇ ಎಂಬ ಪ್ರಶ್ನೆಗೆ, ಜಾನ್ಸನ್ ತೀರಿಕೊಂಡ ಎರಡು ತಿಂಗಳಿಗೆ, 1973ರ ಮಾರ್ಚ್ 21ರಂದು, ಸುಪ್ರೀಂ ಕೋರ್ಟ್ ಅಲ್ಲ ಎಂದಿತು. ತೀರ್ಪು 5-4. ಒಪ್ಪದ ನಾಲ್ವರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್, ಆ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ. 1967ರಲ್ಲಿ ಅವರನ್ನು ನೇಮಿಸಿದ್ದು ಜಾನ್ಸನ್. ಎಜ್‌ವುಡ್ ಮಕ್ಕಳ ಪರವಾಗಿ ಅವರು ಬರೆದ ಭಿನ್ನಮತ ಉದ್ದವಾದದ್ದು, ಅಂಕಿ ಅಂಕಿಯಾಗಿ ವಾದಿಸಿದ್ದು. ಬಹುಮತಕ್ಕೆ ಒಂದು ಮತ ಸಾಲಲಿಲ್ಲ.